ಒಂದು ಸೆಕೆಂಡೂ ಹಾಡು ಹಾಕದೆ ಹಾಡಿನ ಪಾಡ್‌ಕಾಸ್ಟ್: ನನ್ನ ಅನುಭವ

ಹನ್ನೊಂದನೇ ಕಂತು ಹಾಕಿ ಮೂರು ವಾರ ಆಯಿತು. ಈ ಸುತ್ತಿನಲ್ಲಿ ಒಂದೇ ಒಂದು ಕಾಪಿರೈಟ್ ಕ್ಲೇಮ್, ಅಂದರೆ ಹಾಡಿನ ಹಕ್ಕು ನಮ್ಮದು ಅನ್ನುವ ತಕರಾರು, ಬಂದಿಲ್ಲ. ಕಂತಿಗೆ ಹತ್ತಿರ ಹತ್ತಿರ ಎರಡು ಸಾವಿರ ಜನ ಕೇಳುತ್ತಿದ್ದಾರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊನೆಯವರೆಗೂ ಇರುತ್ತಾರೆ. ಕೊಡಗಿನ ಸುಂಟಿಕೊಪ್ಪದಲ್ಲಿ ಕೂತು, ಹಳೆಯ ಚಿತ್ರಗಳ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರ ಸಂಗೀತ ಮತ್ತು ಅದನ್ನು ಮರೆಯದ ಅಭಿಮಾನಿಗಳ ಬಗ್ಗೆ ಕನ್ನಡದಲ್ಲಿ ಮಾಡುವ ಪಾಡ್‌ಕಾಸ್ಟಿಗೆ ಇದು ಸಣ್ಣ ಲೆಕ್ಕ ಅಲ್ಲ. ಈ ಕೆಲಸ ಮಾಡುವವರಿಗೆ ಅದು ಗೊತ್ತು.

ಶುರು ಮಾಡಿದಾಗ ನನ್ನ ಭಾವ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಹಾಡು ಹಾಕದೆ ಹಾಡಿನ ಕಾರ್ಯಕ್ರಮವಾ? ಹಂದಿ ಹಾಕದೆ ಪಂದಿಕರಿ ಮಾಡ್ತೀಯಾ?" ಬೆಂಗಳೂರಿನಲ್ಲಿ ಪಾಡ್‌ಕಾಸ್ಟ್ ಮಾಡುವ ಇಬ್ಬರು ಗೆಳೆಯರೂ ಇದನ್ನೇ ಸ್ವಲ್ಪ ನಯವಾಗಿ ಹೇಳಿದ್ದರು. ಅವರಿಗೆ ಉತ್ತರ ಕೊಡುವ ಹಾಗಾಗಿದೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ವಿಜಯಭಾಸ್ಕರ್ ಯಾಕೆ ಅಂದರೆ, ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಮನೆ. ಅಪ್ಪನ ಕಾಲದಿಂದ ನಮ್ಮ ಪೆಟ್ಟಿಗೆ ಯಾವ ಮದುವೆಗೆ ಹೋದರೂ 'ಕೊಡಗಿನ ಕಾವೇರಿ' ಹಾಕದೆ ವಾಪಸ್ ಬಂದದ್ದಿಲ್ಲ. 1971ರ 'ಶರಪಂಜರ'ದ ಹಾಡು. ನಮ್ಮವರು ಅದನ್ನು ನದಿಯ ಹಾಡು ಅಂತಲೇ ತಿಳಿದಿದ್ದಾರೆ. ಚಿತ್ರದ ನಾಯಕಿಯ ಹೆಸರೂ ಕಾವೇರಿ, ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ತಪ್ಪಿ, ಗುಣವಾಗಿ ಬಂದ ಮೇಲೂ ಮನೆಯವರ ವಿಶ್ವಾಸ ಸಿಗದ ಹೆಂಗಸು ಅವಳು, ಅಂತ ನೆನಪಿಸಿದರೆ ಮಾತಾಡುತ್ತಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯನ್ನು ಹಿಡಿಯಬೇಕು ಅಂತ ನನಗೆ ಮೊದಲಿನಿಂದ ಇತ್ತು.

ಈಗ ಸೋತ ಕಥೆ. ಮೊದಲ ಸುತ್ತಿನಲ್ಲಿ ನಾಲ್ಕು ಕಂತು ಮಾಡಿದ್ದೆ. ನಾಲ್ಕರಲ್ಲೂ ಹಾಡಿನ ತುಣುಕು, ಒಂದೊಂದು ಇಪ್ಪತ್ತು ಇಪ್ಪತ್ತೈದು ಸೆಕೆಂಡು. ಮೂವತ್ತು ಸೆಕೆಂಡಿನ ಒಳಗಿದ್ದರೆ ಏನೂ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ನಾನೂ ನಂಬಿದ್ದೆ. ಎರಡು ಕಂತಿಗೆ ಹಾಕಿದ ದಿನ ಸಂಜೆಯೇ ಕ್ಲೇಮ್ ಬಂತು. ಎರಡನೇ ತಿಂಗಳು, ಪಾಡ್‌ಕಾಸ್ಟ್ ಹಾಕುವ ತಾಣಗಳಲ್ಲಿ ಒಂದು ಕಡೆ ಪೂರ್ತಿ ಪಾಡ್‌ಕಾಸ್ಟನ್ನೇ ತೆಗೆದುಹಾಕಿದರು. ಐದು ಮೇಲ್ ಬರೆದೆ, ಐದಕ್ಕೂ ಅಚ್ಚು ಹಾಕಿದಂತೆ ಒಂದೇ ಉತ್ತರ.

ಮಡಿಕೇರಿಯಲ್ಲಿ ಒಬ್ಬ ವಕೀಲರಿಗೆ ಸಾವಿರದ ಐನೂರು ಕೊಟ್ಟು ಕೂತು ಕೇಳಿದೆ. ಈ ಇಡೀ ಯೋಜನೆಯಲ್ಲಿ ಅತ್ಯಂತ ಸಾರ್ಥಕವಾಗಿ ಹೋದ ದುಡ್ಡು ಅದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ವಿಮರ್ಶೆಗೆ ನ್ಯಾಯಯುತವಾಗಿ ಬಳಸಬಹುದು ಅಂತ ಇದೆ, ಆದರೆ ಇಷ್ಟು ಸೆಕೆಂಡು ಅಂತ ಎಲ್ಲೂ ಇಲ್ಲ. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. ಅಂದರೆ 1971ರ ರೆಕಾರ್ಡಿಂಗ್ 2031ರ ಕೊನೆಯವರೆಗೆ ಕಂಪನಿಯ ಕೈಯಲ್ಲೇ. ರಾಗಸಂಯೋಜನೆಯದು ಬೇರೆ ಲೆಕ್ಕ, ಸಂಗೀತಗಾರ ತೀರಿಕೊಂಡ ಮೇಲೆ 60 ವರ್ಷ. ವಿಜಯಭಾಸ್ಕರ್ ಹೋದದ್ದು 2002ರಲ್ಲಿ. ನಾನೇ ಹಾರ್ಮೋನಿಯಂ ಹಿಡಿದು ಪೂರ್ತಿ ಹಾಡು ಬಾರಿಸಿದರೂ ತಪ್ಪಿಸಿಕೊಂಡ ಹಾಗಲ್ಲ ಅಂತ ಅವತ್ತು ಅರ್ಥವಾಯಿತು.

ಆದರೂ ಹಠ ಬಿಡದೆ ಕುಶಾಲನಗರದ ಆರ್ಕೆಸ್ಟ್ರಾದವರನ್ನು ಹಿಡಿದೆ. ಹಾಡಿಗೆ ನಾಲ್ಕು ಸಾವಿರದ ಹಾಗೆ ಮೂರು ಹಾಡಿನ ಬಿಜಿಎಂ (ಹಾಡಿನ ವಾದ್ಯಸಂಗೀತ) ಮಾತ್ರ ಬಾರಿಸಿಸಿದೆ. ಹನ್ನೆರಡು ಸಾವಿರ ಹೋಯಿತು. ಹುಡುಗರು ಚೆನ್ನಾಗಿಯೇ ಬಾರಿಸಿದರು. ಆದರೆ ಅಭಿಮಾನಿಗಳಿಗೆ ಕೇಳಿಸಿದಾಗ ಎಲ್ಲರೂ ಕೀಬೋರ್ಡಿನ ತಪ್ಪು ಹುಡುಕುತ್ತಾ ಕೂತರು, ವಿಜಯಭಾಸ್ಕರ್ ಬಗ್ಗೆ ಮಾತೇ ಹೊರಡಲಿಲ್ಲ. ಆ ಫೈಲುಗಳು ಹಾಗೇ ಬಿದ್ದಿವೆ. ಮೂಲ ಹಾಡಿನಿಂದ ದನಿ ಬೇರೆ ಮಾಡಿ ವಾದ್ಯ ಮಾತ್ರ ಉಳಿಸುವ ಸಾಫ್ಟ್‌ವೇರನ್ನೂ ನೋಡಿದೆ. ಪರೀಕ್ಷೆಗೆ ಹಾಕಿದ ಒಂದೂವರೆ ನಿಮಿಷಕ್ಕೇ ಕ್ಲೇಮ್. ಕೊನೆಗೆ ಸಂಗೀತವೇ ಬೇಡ, ಬರೀ ಮಾತು ಅಂತ ನಲವತ್ತು ನಿಮಿಷದ ಒಂದು ಕಂತು ಮಾಡಿದೆ. ಆರನೇ ನಿಮಿಷಕ್ಕೆ ಮುಕ್ಕಾಲು ಪಾಲು ಜನ ಎದ್ದು ಹೋಗಿದ್ದರು. ಇಷ್ಟಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ದಾರಿ ಸಿಕ್ಕಿದ್ದು ಮಾದಾಪುರದಲ್ಲಿ, ಒಬ್ಬರು ನಿವೃತ್ತ ಸುಬೇದಾರರ ಮನೆಯಲ್ಲಿ. ಎಪ್ಪತ್ತೈದು ದಾಟಿದವರು. ಉತ್ತರದ ಯಾವುದೋ ಚಳಿ ಪೋಸ್ಟಿನಲ್ಲಿ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ 'ಕೊಡಗಿನ ಕಾವೇರಿ' ಕೇಳಿದ್ದನ್ನು ಹೇಳುತ್ತಿದ್ದರು. "ಮಾವ, ಶುರುವಿನ ಬಿಟ್ ನೆನಪುಂಟಾ?" ಅಂದೆ. ಬಾಯಲ್ಲೇ ಗುನುಗಿದರು. ಬಲಗೈಯ ಎರಡು ಬೆರಳು ಟೀಪಾಯಿಯ ಮೇಲೆ ತಬಲದ ಹಾಗೆ ಓಡುತ್ತಿತ್ತು. ಮುಗಿಯುವ ಮುಂಚೆ ಅಡಿಗೆಮನೆಯಿಂದ ದನಿ ಬಂತು: "ಅಲ್ಲಲ್ಲ, ಅಲ್ಲಿ ಒಂದು ಸಲ ನಿಂತು ಮತ್ತೆ ಹೋಗ್ತದೆ." ಅಷ್ಟು ಹೊತ್ತು ಮಾತೇ ಆಡದಿದ್ದ ಅವರ ಹೆಂಡತಿ ಕಾಫಿ ಲೋಟ ಹಿಡಿದುಕೊಂಡೇ ಬಂದು, ನಿಂತಲ್ಲೇ ತಾವು ನೆನಪಿಟ್ಟ ಹಾಗೆ ಗುನುಗಿದರು. ಇವರು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ಕಾಫಿ ಆರಿತು. ಹನ್ನೆರಡು ನಿಮಿಷ ಆ ವಾದ ನಡೆಯಿತು, ಅದರ ನಡುವೆ ಅವರ ಮದುವೆ, ಅವರು ರಜೆಯಲ್ಲಿ ಬಂದಾಗ ಮಡಿಕೇರಿಗೆ ಹೋಗಿ ಚಿತ್ರ ನೋಡಿದ್ದು, ಆ ಅಮ್ಮನ ತವರಿನಲ್ಲಿ ಒಬ್ಬ ಹೆಂಗಸಿಗೆ ಚಿತ್ರದ ಕಾವೇರಿಯ ಹಾಗೇ ಆಗಿದ್ದು, ಎಲ್ಲ ತಾನಾಗಿ ಬಂತು.

ರಾತ್ರಿ ಎಡಿಟ್ ಮಾಡುವಾಗ ಯಾರು ಸರಿ ಅಂತ ಹೇಳಿಬಿಡಲು ಕೈ ಹೋಗಿತ್ತು. ಹೇಳಲಿಲ್ಲ. ಎರಡೂ ಗುನುಗನ್ನು ಇದ್ದ ಹಾಗೇ ಬಿಟ್ಟು, ಕಂಪನಿಯವರೇ ಅಧಿಕೃತವಾಗಿ ಹಾಕಿದ ಹಾಡಿನ ಲಿಂಕನ್ನು ಕೆಳಗೆ ಕೊಟ್ಟು ಮುಗಿಸಿದೆ. ಎರಡು ದಿನದಲ್ಲಿ ಅರವತ್ತು ಎಪ್ಪತ್ತು ವಾಯ್ಸ್ ಮೆಸೇಜ್ ಬಂತು. ಎಲ್ಲರೂ ಹೋಗಿ ಮೂಲ ಹಾಡು ಕೇಳಿ, ವಾಪಸ್ ಬಂದು, ತಾವೂ ಗುನುಗಿ ಕಳಿಸಿದ್ದರು. ನನ್ನ ವಿಧಾನ ಇಷ್ಟೇ. ಹಾಡು ನಾನು ಹಾಕುವುದಿಲ್ಲ, ಕೇಳುಗರೇ ಹೋಗಿ ಹಾಕಿಕೊಳ್ಳುವ ಹಾಗೆ ಮಾಡುತ್ತೇನೆ. ಗುನುಗು ಎಂಟು ಹತ್ತು ಸೆಕೆಂಡು ಮೀರಲು ಬಿಡುವುದಿಲ್ಲ, ಅದರ ಹಿಂದೆ ಮುಂದೆ ಆ ಬಿಟ್ ಬಗ್ಗೆ ಮಾತು ಇದ್ದೇ ಇರಬೇಕು. ವಕೀಲರು ಹೇಳಿದ ವಿಮರ್ಶೆಯ ಮಾತು ಅಲ್ಲಿ ನಿಲ್ಲುತ್ತದೆ ಅಂತ ನನ್ನ ನಂಬಿಕೆ.

ಗುನುಗಿಸುವ ಮೊದಲು ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಕೇಳಿದರೆ ನಾಚಿಕೆ ಹೋಗುತ್ತದೆ, ಕೇಳದಿದ್ದರೆ ಹತ್ತರಲ್ಲಿ ಏಳು ಜನ "ಅಯ್ಯೋ ನನಗೆ ಹಾಡಕ್ಕೆ ಬರಲ್ಲ" ಅನ್ನುತ್ತಾರೆ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಒಂದು ವರ್ಷ ಕೊಟ್ಟಿದ್ದೇನೆ. ಉಳಿದದ್ದು ಹೇಳುತ್ತೇನೆ. ಗುನುಗುವಾಗ ಎಲ್ಲರೂ ದನಿ ಇಳಿಸುತ್ತಾರೆ, ಗೇನ್ (ರೆಕಾರ್ಡರ್ ದನಿ ಹಿಡಿಯುವ ಮಟ್ಟ) ಮೊದಲೇ ಎರಡು ಮೆಟ್ಟಿಲು ಏರಿಸಿ ಇಟ್ಟುಕೊಳ್ಳಿ. ಎದೆಗೆ ಸಿಕ್ಕಿಸುವ ಮೈಕ್ ನಮ್ಮ ಊರಲ್ಲಿ ಬೇಡ, ಸ್ವೆಟರಿಗೆ ಉಜ್ಜಿ ಹಾಳು ಮಾಡುತ್ತದೆ. ರೆಕಾರ್ಡರನ್ನು ಟೇಬಲ್ ಮೇಲೆ ಬರಿದೆ ಇಟ್ಟರೆ ಆ ಬೆರಳ ತಾಳ ಗುದ್ದಿದ ಹಾಗೆ ಕೇಳುತ್ತದೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಡುತ್ತೇನೆ. ತಾಳ ಉಳಿಯುತ್ತದೆ, ಗುದ್ದು ಹೋಗುತ್ತದೆ. ಆ ಬೆರಳ ಸದ್ದನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ಮಳೆಗಾಲದ್ದು ದೊಡ್ಡ ತಲೆನೋವು. ನಮ್ಮದು ಶೀಟಿನ ಮನೆ. ಜುಲೈಯಲ್ಲಿ ಕಕ್ಕಡದ ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೇ ಕೇಳದು, ರೆಕಾರ್ಡಿಂಗ್ ಎಲ್ಲಿಂದ ಬಂತು. ಚಿಕ್ಕಪ್ಪನ ಕಾಫಿ ಗೋದಾಮಿನಲ್ಲಿ ಒಣ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ) ಮೂಟೆಗಳನ್ನು ಮೂರು ಕಡೆ ಆಳೆತ್ತರ ಪೇರಿಸಿದ್ದರು, ಅದರ ಮಧ್ಯೆ ಸ್ಟೂಲ್ ಹಾಕಿ ಕೂತೆ. ಎಷ್ಟು ದುಡ್ಡು ಕೊಟ್ಟರೂ ಸಿಗದ ಮೌನ. ಎರಡು ಕಂತಿನ ನನ್ನ ಮಾತೆಲ್ಲ ಅಲ್ಲೇ ಆದದ್ದು. ಆದರೆ ಗೋಣಿಯ ಧೂಳಿಗೆ ಕೆಮ್ಮು ಹಿಡಿಯಿತು, ಜೊತೆಗೆ ದರ ಏರಿದ್ದೇ ಚಿಕ್ಕಪ್ಪ ಮೂಟೆ ಮಾರಿಬಿಟ್ಟರು. ಈಗ ಮರದ ಚೌಕಟ್ಟಿಗೆ ಖಾಲಿ ಗೋಣಿ, ಅದರ ಮೇಲೆ ಹಳೇ ಕಂಬಳಿ ಹೊಲಿಸಿ ಮೂರು ಪರದೆ ಮಾಡಿಸಿದ್ದೇನೆ. ಬಡಗಿ ಕೂಲಿ ಸೇರಿ ಎರಡು ಸಾವಿರದ ಇನ್ನೂರೋ ಮುನ್ನೂರೋ. ಮೂಟೆಯ ಮೌನ ಅದರಲ್ಲಿಲ್ಲ, ಆದರೆ ಸಾಕು. ಜೋರು ಮಳೆಯ ದಿನ ರೆಕಾರ್ಡ್ ಮಾಡಲೇಬೇಕಾಗಿ ಬಂದರೆ ಮಳೆಯನ್ನೇ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಂಡು ಒಂದು ಕೆಲಸ ಮಾಡುತ್ತೇನೆ. ಅದೂ ನನ್ನ ಹತ್ತಿರವೇ ಇರಲಿ.

ಆರೂವರೆ ಸಾವಿರದ ಕಂಡೆನ್ಸರ್ ಮೈಕ್ ಒಂದೇ ಮಳೆಗಾಲಕ್ಕೆ ಹೋಯಿತು. ಆಗಸ್ಟಿನಲ್ಲಿ ಕರಕರ ಶುರುವಾದದ್ದು, ಮೈಸೂರಿಗೆ ಒಯ್ದು ಬಿಚ್ಚಿಸಿದರೆ ಒಳಗೆ ಬೂಷ್ಟು. ಅಕ್ಕಿ ಡಬ್ಬದಲ್ಲಿ ಇಟ್ಟರೆ ಸರಿ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ, ನಮ್ಮಲ್ಲಿ ಅಕ್ಕಿಗೇ ಬೂಷ್ಟು ಬರುತ್ತದೆ. ತಗಡಿನ ಟ್ರಂಕಿನಲ್ಲಿ ಒಂದು ಜೀರೋ ಬಲ್ಬು ಇಳಿಬಿಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉರಿಸುತ್ತೇನೆ. ಈಗ ಎರಡು ಮಳೆ ದಾಟಿದೆ. ಮಳೆ ಬಿಟ್ಟರೆ ತೋಟದ ಕೆಲಸ. ಡಿಸೆಂಬರಿನಿಂದ ಕೊಯ್ಲು, ಆಗ ಯಾರೂ ಸಿಗುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಗೆ ನೀರು ಹಾಯಿಸುವ ಮೋಟಾರು ರಾತ್ರಿಯೆಲ್ಲ ಓಡುತ್ತದೆ. ನನಗೆ ಒಳ್ಳೇ ಕಾಲ ಅಂದರೆ ದಸರಾ ಮುಗಿದ ಮೇಲೆ ನವೆಂಬರ್ ಕೊನೆಯವರೆಗೆ. ಹನ್ನೊಂದರಲ್ಲಿ ಏಳು ಕಂತಿನ ಸಂದರ್ಶನ ಆ ಆರು ವಾರದಲ್ಲೇ ಮುಗಿಸಿಕೊಂಡಿದ್ದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ರೆಕಾರ್ಡರ್ ಒಂಬತ್ತೂವರೆ ಸಾವಿರ, ಹಾಳಾದ ಮೈಕ್ ಆರೂವರೆ, ಅದರ ಬದಲಿಗೆ ತಂದ ಡೈನಾಮಿಕ್ ಮೈಕ್ ನಾಲ್ಕು, ಆರ್ಕೆಸ್ಟ್ರಾ ಹನ್ನೆರಡು, ವಕೀಲರದು ಒಂದೂವರೆ, ಪರದೆ, ವಯರು, ಬ್ಯಾಟರಿ ಎಲ್ಲ ಸೇರಿ ಐದು. ಪೆಟ್ರೋಲು ಬರೆದಿಟ್ಟಿಲ್ಲ, ಹತ್ತು ಸಾವಿರಕ್ಕೆ ಕಡಿಮೆ ಇರಲಾರದು. ಒಟ್ಟು ಐವತ್ತು ಸಾವಿರದ ಹತ್ತಿರ. ಬಂದದ್ದು, ಕೇಳುಗರು ಯುಪಿಐಯಲ್ಲಿ ಹಾಕಿದ್ದು ಹದಿನಾಲ್ಕು ಸಾವಿರ ಚಿಲ್ಲರೆ, ಒಂದು ಕಾಫಿಪುಡಿ ಅಂಗಡಿಯವರು ಕಂತಿಗೆ ಎರಡು ಸಾವಿರದಂತೆ ಆರು ಕಂತಿಗೆ ಕೊಟ್ಟದ್ದು ಹನ್ನೆರಡು. ಇನ್ನೂ ಅರ್ಧ ಬಾಕಿ. ಆದರೆ ಅಂಗಡಿಯವರು ಮುಂದಿನ ಸುತ್ತಿಗೆ ತಾವೇ ಫೋನ್ ಮಾಡಿ ಕೇಳಿದ್ದಾರೆ, ಅದು ಮೊದಲ ಸುತ್ತಿನಲ್ಲಿ ಕನಸಿನಲ್ಲೂ ಇರಲಿಲ್ಲ.

ನಡುವೆ ಮಾಡಿದ ಒಂದು ಪ್ರಯೋಗ ಹೇಳಲೇಬೇಕು. 1967ರ 'ಬೆಳ್ಳಿಮೋಡ'ದಲ್ಲಿ ವಿಜಯಭಾಸ್ಕರ್ ಬೇಂದ್ರೆಯವರ 'ಮೂಡಲ ಮನೆಯ' ಪದ್ಯಕ್ಕೆ ರಾಗ ಹಾಕಿದ್ದಾರಲ್ಲ, ಅದನ್ನು ರಾಗವಿಲ್ಲದೆ ಓದಿಸಿದರೆ ಹೇಗಿರುತ್ತದೆ ಅಂತ ಒಂದು ಆಸೆ. ಸೋಮವಾರಪೇಟೆಯ ಒಬ್ಬರು ನಿವೃತ್ತ ಕನ್ನಡ ಟೀಚರನ್ನು ಕೇಳಿದೆ. ಆ ಪದ್ಯ ಅವರಿಗೆ ಬಾಯಿಪಾಠ. "ಟೀಚರ್, ಬರೀ ಓದಿ, ಹಾಡಬೇಡಿ" ಅಂದೆ. ಕನ್ನಡಕ ಸರಿ ಮಾಡಿಕೊಂಡು ಶುರು ಮಾಡಿದರು. ಎರಡನೇ ಸಾಲಿಗೆ ದನಿ ತಾನಾಗಿ ಮೇಲೆ ಹೋಯಿತು. ನಿಲ್ಲಿಸಿದರು. ಮತ್ತೆ ಶುರು. ಮತ್ತೆ ಅಲ್ಲೇ ಎಳೆಯಿತು. ಐದು ಸಲ ಆಯಿತು. ಐದನೇ ಸಲ ಪುಸ್ತಕ ಮುಚ್ಚಿ, "ಇಲ್ಲಪ್ಪಾ, ಇದು ಇನ್ನು ಬೇರೆ ಆಗಲ್ಲ" ಅಂದರು. ಆ ಐದೂ ಪ್ರಯತ್ನವನ್ನು ಒಂದರ ಹಿಂದೆ ಒಂದು ಜೋಡಿಸಿ ಹಾಕಿದೆ. ಎಂಟನೇ ಕಂತು ಅದು. ಅತಿ ಹೆಚ್ಚು ಜನ ಕೇಳಿದ್ದೂ ಅದನ್ನೇ. ಸಂಗೀತ ನಿರ್ದೇಶಕನ ಕೆಲಸ ಏನು ಅಂತ ನಾನು ಅರ್ಧ ಗಂಟೆ ಮಾತಾಡಿದ್ದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ. 'ನಾಗರಹಾವು' ಕಂತಿನಲ್ಲಿ ಓಡುವ ಬಸ್ಸಿನಲ್ಲಿ ಡ್ರೈವರ್ ಒಬ್ಬರಿಂದ ಗುನುಗಿಸಲು ನೋಡಿದ್ದೆ. ಇಂಜಿನ್ ಸದ್ದು ಎಲ್ಲವನ್ನೂ ನುಂಗಿತು, ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಮಾಡಿದೆವು.

ಮುಂದಿನ ಕಂತು ಹಾಡೇ ಇಲ್ಲದ ಚಿತ್ರದ್ದು. ಮಲಯಾಳಂ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಅವರ 'ಮದಿಲುಕಳ್' ಮತ್ತು 'ವಿಧೇಯನ್' ಎರಡಕ್ಕೂ ವಿಜಯಭಾಸ್ಕರ್ ಅವರದೇ ಸಂಗೀತ ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. 'ಮದಿಲುಕಳ್'ನಲ್ಲಿ ಜೈಲಿನ ಗೋಡೆಯ ಆಚೆ ಇರುವ ನಾರಾಯಣಿ ಒಮ್ಮೆಯೂ ಕಾಣುವುದಿಲ್ಲ, ದನಿ ಮಾತ್ರ. ಗುನುಗುವುದಕ್ಕೆ ಪಲ್ಲವಿ ಇಲ್ಲದ ಕಡೆ ಅಭಿಮಾನಿ ಏನನ್ನು ನೆನಪಿಟ್ಟುಕೊಂಡಿರುತ್ತಾನೆ ಅನ್ನುವುದು ನನ್ನ ಪ್ರಶ್ನೆ. ವಿರಾಜಪೇಟೆಯಲ್ಲಿ ಒಬ್ಬರು ಬೇಕರಿಯವರು ಸಿಕ್ಕಿದ್ದಾರೆ, ಮಲಯಾಳಿ, ಆ ಚಿತ್ರವನ್ನು ಎಂಟು ಸಲ ನೋಡಿದವರು. ಫೋನಿನಲ್ಲಿ ಕೇಳಿದ್ದಕ್ಕೆ, "ಹಾಡೇ ಇಲ್ವಲ್ಲಾ" ಅಂದವರು ಸ್ವಲ್ಪ ತಡೆದು ಏನೋ ಗುನುಗಿದರು. ಭಾನುವಾರ ಬೇಕರಿ ಮುಚ್ಚಿದ ಮೇಲೆ ಬರಲು ಹೇಳಿದ್ದಾರೆ. ಕಂಬಳಿ, ರೆಕಾರ್ಡರ್ ಎರಡನ್ನೂ ಬ್ಯಾಗಿಗೆ ಹಾಕಿ ಇಟ್ಟಿದ್ದೇನೆ.