ಮೈಕ್‌ಗೆ ಕೇಳಿಸದ ಎಸ್‌ಎಂಪಿಎಸ್ ಹುಡುಕಿದ್ದು: ನನ್ನ ಅನುಭವ

ನಾನು ಮನೆಯಲ್ಲೇ ಕೂತು ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಕಂಪ್ಯೂಟರ್ ಇರುವುದು ಅದೇ ಮೇಜಿನ ಕೆಳಗೆ. ಫ್ಯಾನಿನ ಗುಂಯ್ ಸದ್ದನ್ನು ನಮ್ಮ ಕಿವಿ ಐದು ನಿಮಿಷದಲ್ಲಿ ಮರೆತುಬಿಡುತ್ತದೆ, ಮೈಕ್ ಮರೆಯುವುದಿಲ್ಲ. ವಾಕ್ಯ ಮುಗಿದು ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಅದು ಬಂದು ಕೂರುತ್ತದೆ. ಹಾಗಾಗಿ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಫ್ಯಾನ್ ಇರುವ ಪೆಟ್ಟಿಗೆಯನ್ನು, ಬದಲಾಯಿಸಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಆದರೆ ಕೊನೆಗೆ ಬದಲಾಯಿಸುವಂತೆ ಮಾಡಿದ್ದು ಸದ್ದಲ್ಲ.

ಹೊಸ ಪ್ರೊಸೆಸರ್ ಹಾಕಿದ ಮೇಲೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿತು. ಬರೆಯುವಾಗ, ರೆಕಾರ್ಡ್ ಮಾಡುವಾಗ ಏನೂ ಇಲ್ಲ. ವಿಡಿಯೋ ರೆಂಡರ್ ಮಾಡಲು, ಅಂದರೆ ಎಡಿಟ್ ಮಾಡಿದ್ದನ್ನು ಒಂದೇ ಫೈಲಾಗಿ ತಯಾರಿಸಲು ಬಿಟ್ಟರೆ ಹತ್ತು ಹದಿನೈದು ನಿಮಿಷಕ್ಕೆ ತಟ್ಟನೆ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು. ನೀಲಿ ಪರದೆ ಇಲ್ಲ, ಎರರ್ ಸಂದೇಶವೂ ಇಲ್ಲ. ರ‍್ಯಾಮ್ ಒಂದೊಂದೇ ಕಡ್ಡಿ ತೆಗೆದು ನೋಡಿದೆ. ಪ್ರೊಸೆಸರ್ ಬಿಸಿ ನೋಡಿದೆ, ಸರಿಯಾಗಿಯೇ ಇತ್ತು. ಎರಡು ದಿನ ಹೀಗೇ ಹೋಯಿತು.

ಕೊನೆಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದೆ. ಹಾರ್ಡ್ ಡಿಸ್ಕಿಗೆ ಹೋಗುವ ಹಳೆಯ ನಾಲ್ಕು ಪಿನ್ನಿನ ಕನೆಕ್ಟರ್ ಒಂದು ಖಾಲಿ ಇತ್ತು. ಅದರ ಹಳದಿ ತಂತಿ 12 ವೋಲ್ಟ್, ಕಪ್ಪು ಗ್ರೌಂಡ್. ಸುಮ್ಮನೆ ಇದ್ದಾಗ 11.9 ತೋರಿಸಿತು. ರೆಂಡರ್ ಶುರು ಮಾಡಿದ ಮೇಲೆ ಇಳಿಯುತ್ತಾ 11.3ಕ್ಕೆ ಬಂತು. ಕಂಪ್ಯೂಟರ್ ಎಸ್‌ಎಂಪಿಎಸ್‌ಗಳು ಪಾಲಿಸುವ ಎಟಿಎಕ್ಸ್ ಎಂಬ ನಿಯಮದಲ್ಲಿ, ಆ ಹಳೆಯ ಎಸ್‌ಎಂಪಿಎಸ್ ಕಾಲಕ್ಕೆ, 12 ವೋಲ್ಟ್‌ಗೆ ಶೇ. 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶ ಇತ್ತು, ಅಂದರೆ 11.4ರಿಂದ 12.6. ಮಲ್ಟಿಮೀಟರ್ ತೋರಿಸುವುದು ಸರಾಸರಿ. ಕ್ಷಣಾರ್ಧದ ಕುಸಿತಗಳು ಅದಕ್ಕೆ ಕಾಣುವುದಿಲ್ಲ. ವೋಲ್ಟೇಜ್ ತೀರಾ ಇಳಿದರೆ ಎಸ್‌ಎಂಪಿಎಸ್, ಮದರ್‌ಬೋರ್ಡಿಗೆ ಕೊಡುತ್ತಿರುವ 'ಪವರ್ ಗುಡ್' ಎಂಬ ಸಿಗ್ನಲನ್ನು ನಿಲ್ಲಿಸುತ್ತದೆ. ಬೋರ್ಡ್ ತಕ್ಷಣ ರೀಸೆಟ್ ಆಗುತ್ತದೆ. ಎರರ್ ಬರೆದಿಡಲು ವಿಂಡೋಸ್‌ಗೆ ಸಮಯವೇ ಸಿಗುವುದಿಲ್ಲ. ನನ್ನ ಕಂಪ್ಯೂಟರ್ ಯಾವ ಸುಳಿವೂ ಕೊಡದೆ ಆರಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಆ ಹಳೆಯ ಎಸ್‌ಎಂಪಿಎಸ್ ಮೈಮೇಲೆ 500 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ನಾನು ಅಷ್ಟನ್ನೇ ನೋಡಿ ಕೊಂಡಿದ್ದೆ. ಪಕ್ಕದ ಸಣ್ಣ ಅಕ್ಷರದ ಪಟ್ಟಿಯನ್ನು ಈಗ ಓದಿದೆ: 12 ವೋಲ್ಟ್‌ಗೆ 25 ಆಂಪ್. 12ನ್ನು 25ರಿಂದ ಗುಣಿಸಿದರೆ 300 ವ್ಯಾಟ್ ಅಷ್ಟೇ ಅಲ್ವಾ? ಉಳಿದದ್ದು 5 ಮತ್ತು 3.3 ವೋಲ್ಟಿನ ಲೆಕ್ಕ. ಇವತ್ತಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚೂಕಡಿಮೆ ಎಲ್ಲವನ್ನೂ 12 ವೋಲ್ಟಿನಿಂದಲೇ ಎಳೆಯುತ್ತವೆ. ಆದ್ದರಿಂದ ಈಗ ನಾನು ಯಾವ ಎಸ್‌ಎಂಪಿಎಸ್ ನೋಡಿದರೂ ಮೊದಲು ಓದುವುದು ಆ ಪಟ್ಟಿಯ 12 ವೋಲ್ಟ್ ಸಾಲನ್ನು.

ಈ ಸಲ ಅಂಗಡಿಯ ಪಟ್ಟಿ ನೋಡುವ ಮೊದಲು ಮದರ್‌ಬೋರ್ಡಿನ ಕೈಪಿಡಿ ತೆರೆದೆ. ಯಾವ ಸಾಕೆಟ್ ಎಲ್ಲಿದೆ, ಎಷ್ಟು ಪಿನ್ ಅಂತ ಕಾಗದದಲ್ಲಿ ಬರೆದುಕೊಂಡೆ. ಮುಖ್ಯ ಸಾಕೆಟ್ 24 ಪಿನ್, ಅದರಲ್ಲಿ ಗೊಂದಲ ಇಲ್ಲ. ಗೊಂದಲ ಇರುವುದು ಪ್ರೊಸೆಸರ್ ಪಕ್ಕದ 12 ವೋಲ್ಟ್ ಸಾಕೆಟ್‌ನಲ್ಲಿ. ನನ್ನ ಬೋರ್ಡಿನಲ್ಲಿ ಅದು 8 ಪಿನ್. ಹಳೆಯ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು 4 ಪಿನ್ ಮಾತ್ರ. ಅದನ್ನು 8ರ ಅರ್ಧಕ್ಕೆ ಸಿಕ್ಕಿಸಿದರೂ ಕಂಪ್ಯೂಟರ್ ಆನ್ ಆಗುತ್ತದೆ. ಹಾಗೇ ವರ್ಷಗಟ್ಟಲೆ ನಡೆಸಿದ್ದೆ. ಹಳೆಯ ಸಣ್ಣ ಪ್ರೊಸೆಸರಿಗೆ ಅದು ಸಾಕಾಗಿತ್ತು. ಹೊಸದು ಜಾಸ್ತಿ ಎಳೆದಾಗ ಅಷ್ಟೂ ಕರೆಂಟ್ ಎರಡೇ ಹಳದಿ ತಂತಿಗಳಲ್ಲಿ ಹೋಗಬೇಕಾಗಿತ್ತು. ಕನೆಕ್ಟರ್ ಮುಟ್ಟಿ ನೋಡಿದರೆ ಬೆಚ್ಚಗಿತ್ತು. ನಿಮ್ಮ ಬೋರ್ಡಿನಲ್ಲಿ 8 ಪಿನ್ ಇದ್ದರೆ ದಯವಿಟ್ಟು ಎಂಟನ್ನೂ ತುಂಬಿಸಿ. 4+4 ಅಂತ ಎರಡು ತುಂಡಾಗುವ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತಗೊಂಡರೆ ಎರಡೂ ಬಗೆಯ ಬೋರ್ಡಿಗೆ ಆಗುತ್ತದೆ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಇದರ ಹಾಗೇ ಇರುತ್ತದೆ, ಆದರೆ ಪ್ಲಸ್ ಮತ್ತು ಗ್ರೌಂಡ್ ಅದಲುಬದಲು. ಪಿನ್ನಿನ ಆಕಾರ ಬೇರೆ ಮಾಡಿರುವುದರಿಂದ ಸುಲಭವಾಗಿ ಒಳಗೆ ಹೋಗುವುದಿಲ್ಲ. ಒತ್ತಿ ತುರುಕಬೇಡಿ.

ಇನ್ನು ವ್ಯಾಟ್ ಲೆಕ್ಕ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇಟ್ಟು ಒಂದು ದಿನ ಗಮನಿಸಿದೆ. ರೆಕಾರ್ಡ್ ಮಾಡುವಾಗ 75ರ ಆಸುಪಾಸು, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ದುಡಿಯುವಾಗ ಕಂಪ್ಯೂಟರ್ ಆರುವ ಮೊದಲು ಕಂಡ ಅತಿ ಹೆಚ್ಚು 310. 1000 ವ್ಯಾಟ್ ಬೇಕು ಅಂತ ಹೇಳುವವರು ಸಿಗುತ್ತಾರೆ. ನನಗೆ ಅದರ ಅಗತ್ಯ ಕಾಣಲಿಲ್ಲ. 550 ಅಂತ ತೀರ್ಮಾನಿಸಿದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದವರು ಮಾತ್ರ ಇನ್ನೂ ಮೇಲೆ ಹೋಗಬೇಕು, ಯಾಕೆಂದರೆ ಆ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಮಾಮೂಲಿಗಿಂತ ಎಷ್ಟೋ ಹೆಚ್ಚು ಎಳೆಯುತ್ತವೆ.

ಸದ್ದಿನ ವಿಷಯಕ್ಕೆ ಬಂದಾಗ ನಾನು ಅರ್ಥ ಮಾಡಿಕೊಂಡ ಮುಖ್ಯ ಸಂಗತಿ ಇದು: ಎಸ್‌ಎಂಪಿಎಸ್ ಸದ್ದು ಅಂದರೆ ಬಿಸಿಯ ಸದ್ದು. ಒಳಗೆ ವ್ಯರ್ಥವಾಗುವ ಕರೆಂಟ್ ಶಾಖ ಆಗುತ್ತದೆ, ಶಾಖವನ್ನು ಹೊರಹಾಕಲು ಫ್ಯಾನ್ ತಿರುಗುತ್ತದೆ. ಕಂಪ್ಯೂಟರಿಗೆ 300 ವ್ಯಾಟ್ ಬೇಕು ಅನ್ನಿ. ಶೇ. 80ರ ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ 375 ಎಳೆದು 75 ವ್ಯಾಟನ್ನು ಬಿಸಿ ಮಾಡುತ್ತದೆ. ಶೇ. 90ರದು 333 ಎಳೆದು 33 ಮಾತ್ರ ಬಿಸಿ ಮಾಡುತ್ತದೆ. ಬಿಸಿ ಅರ್ಧಕ್ಕಿಂತ ಕಡಿಮೆ ಆಯಿತು, ಫ್ಯಾನ್ ನಿಧಾನವಾಗಿ ತಿರುಗಿದರೆ ಸಾಕು. ಅದಕ್ಕೇ 80 ಪ್ಲಸ್ ಎಂಬ ದಕ್ಷತೆಯ ಗುರುತಿನಲ್ಲಿ ಗೋಲ್ಡ್ ದರ್ಜೆಯದನ್ನು ಆರಿಸಿದೆ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಗೋಲ್ಡ್ ಶೇ. 90 ದಾಟಲೇಬೇಕು, ಬ್ರಾಂಜ್‌ಗೆ 85 ಸಾಕು. ಆದರೆ ಈ ಗುರುತು ಸದ್ದನ್ನು ಅಳೆಯುವುದಿಲ್ಲ. ಗೋಲ್ಡ್ ಆಗಿದ್ದೂ ಕೆಟ್ಟ ಫ್ಯಾನ್ ಹಾಕಿದ್ದರೆ ಸದ್ದು ಬಂದೇ ಬರುತ್ತದೆ. ಸದ್ದಿಗೆ ಬೇರೆಯೇ ದರ್ಜೆ ಕೊಡುವ ಸೈಬೆನೆಟಿಕ್ಸ್ ಎಂಬ ಪ್ರಯೋಗಾಲಯ ಇದೆ. ಅವರ ಪಟ್ಟಿಯಲ್ಲಿ ಎ ಪ್ಲಸ್ ಪ್ಲಸ್ ಅಂದರೆ 15 ಡೆಸಿಬಲ್‌ಗಿಂತ ಕಡಿಮೆ, ಎ ಪ್ಲಸ್ ಅಂದರೆ 15ರಿಂದ 20. ನಾನು ಎ ಪ್ಲಸ್ ಒಳಗೇ ಹುಡುಕಿದೆ.

ಪರೀಕ್ಷಾ ವರದಿಗಳಲ್ಲಿ ಇನ್ನೆರಡು ನೋಡಿದೆ. ಒಂದು ರಿಪಲ್, ಅಂದರೆ ಎಸ್‌ಎಂಪಿಎಸ್ ಕೊಡುವ ಡಿಸಿ (ಒಂದೇ ದಿಕ್ಕಿನ ಕರೆಂಟ್) ಮೇಲೆ ಉಳಿದಿರುವ ಅಲೆ. 12 ವೋಲ್ಟ್‌ಗೆ ಗರಿಷ್ಠ ಮಿತಿ 120 ಮಿಲಿವೋಲ್ಟ್. ಒಳ್ಳೆಯವು ಅದರ ಅರ್ಧಕ್ಕಿಂತ ಕೆಳಗೇ ಇರುತ್ತವೆ. ಇನ್ನೊಂದು ಕೆಪಾಸಿಟರ್, ಒಳಗೆ ಚಾರ್ಜ್ ಹಿಡಿದಿಡುವ ಭಾಗ. 105 ಡಿಗ್ರಿ ಬಿಸಿ ತಡೆಯುವವೇ ಇರಲಿ. ಬಿಸಿ 10 ಡಿಗ್ರಿ ಇಳಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಆಯುಸ್ಸು ಸುಮಾರು ಎರಡು ಪಟ್ಟು ಅಂತ ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ಸದ್ದು ಕಡಿಮೆ ಇರುವುದಕ್ಕೂ ಬಾಳಿಕೆ ಬರುವುದಕ್ಕೂ ಒಂದೇ ಕಾರಣ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಹೊಸದು ಬಂತು. ಕೇಬಲ್‌ಗಳು ಬಿಡಿಬಿಡಿಯಾಗಿ ಸಿಕ್ಕಿಸುವ ಮಾಡ್ಯುಲರ್ ಮಾದರಿ. ಅದರ ಸಾಟಾ ಕೇಬಲ್, ಅಂದರೆ ಡಿಸ್ಕಿಗೆ ಕರೆಂಟ್ ಕೊಡುವುದು, ಸ್ವಲ್ಪ ಗಿಡ್ಡ ಅನಿಸಿತು. ನನ್ನ ಹತ್ತಿರ ಬೇರೊಂದು ಕಂಪನಿಯ ಮಾಡ್ಯುಲರ್ ಎಸ್‌ಎಂಪಿಎಸ್ ಜೊತೆ ಬಂದಿದ್ದ ಉದ್ದದ ಕೇಬಲ್ ಇತ್ತು, ಕನೆಕ್ಟರ್ ಸರಿಯಾಗಿ ಕೂತಿತು. ಏನೋ ಅನುಮಾನ ಬಂದು ಡಿಸ್ಕ್ ಸಿಕ್ಕಿಸದೆ ಮೊದಲು ಮಲ್ಟಿಮೀಟರ್ ಇಟ್ಟೆ. 5 ವೋಲ್ಟ್ ಬರಬೇಕಾದ ಜಾಗದಲ್ಲಿ 12 ಬರುತ್ತಿತ್ತು. ಕೈ ನಡುಗಿತು. ಎಂಟು ವರ್ಷದ ರೆಕಾರ್ಡಿಂಗ್‌ಗಳು ಆ ಡಿಸ್ಕಿನಲ್ಲಿದ್ದವು. ಮದರ್‌ಬೋರ್ಡಿನ ಕಡೆಯ ತುದಿಗೆ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ತಂತಿಗಳ ಕ್ರಮ ಬೇರೆ ಇರಬಹುದು. ಅದರ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಬಿಟ್ಟು ಬೇರೆಯದನ್ನು ಯಾವತ್ತೂ ಹಾಕಬೇಡಿ. ಆ ಉದ್ದದ ಕೇಬಲನ್ನು ಅದರದೇ ಎಸ್‌ಎಂಪಿಎಸ್‌ಗೆ ಕಟ್ಟಿ ಎತ್ತಿಟ್ಟೆ.

ರೆಂಡರ್ ಇಟ್ಟು ಅಳೆದೆ, 12.05. ಎರಡು ಗಂಟೆ ಬಿಟ್ಟರೂ ರೀಸ್ಟಾರ್ಟ್ ಇಲ್ಲ.

ಆದರೆ ಮೊದಲ ರಾತ್ರಿಯ ರೆಕಾರ್ಡಿಂಗ್‌ನಲ್ಲಿ ಹೊಸ ಸದ್ದೊಂದು ಸಿಕ್ಕಿತು. ಈ ಎಸ್‌ಎಂಪಿಎಸ್ ಕಡಿಮೆ ಲೋಡಿನಲ್ಲಿ ಫ್ಯಾನನ್ನು ಪೂರ್ತಿ ನಿಲ್ಲಿಸುತ್ತದೆ. ಬಿಸಿ ಏರಿದಾಗ ಫ್ಯಾನ್ ಶುರುವಾಗುತ್ತದೆ, ಇಳಿದಾಗ ನಿಲ್ಲುತ್ತದೆ. ನನ್ನ ಕೆಲಸ ಆ ಗಡಿಯಲ್ಲೇ ಇದ್ದದ್ದರಿಂದ ಐದಾರು ನಿಮಿಷಕ್ಕೊಮ್ಮೆ 'ಸುಯ್' ಅಂತ ಎದ್ದು ಮತ್ತೆ ಅಡಗುತ್ತಿತ್ತು. ಒಂದೇ ಸಮನೆ ಇರುವ ಮೆಲುಸದ್ದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದು. ಎದ್ದುಬಿದ್ದು ಬರುವುದನ್ನು ತೆಗೆಯುವುದು ಕಷ್ಟ. ಎಸ್‌ಎಂಪಿಎಸ್‌ನ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇತ್ತು. ಅದನ್ನು ಬದಲಾಯಿಸಿದರೆ ಫ್ಯಾನ್ ಯಾವಾಗಲೂ ನಿಧಾನವಾಗಿ ತಿರುಗುತ್ತದೆ. 135 ಮಿಲಿಮೀಟರಿನ ಫ್ಯಾನ್, ಫ್ಲೂಯಿಡ್ ಬೇರಿಂಗ್. ಆ ವೇಗದಲ್ಲಿ ಅರ್ಧ ಮೀಟರ್ ದೂರಕ್ಕೆ ನನಗೆ ಏನೂ ಕೇಳಿಸಲಿಲ್ಲ. ಫ್ಯಾನ್ ನಿಲ್ಲುವ ಸೌಲಭ್ಯವನ್ನೇ ನೋಡಿ ಕೊಳ್ಳುವವರು ಈ ಸ್ವಿಚ್ ಇದೆಯೇ ಅಂತಲೂ ನೋಡಿಕೊಳ್ಳಿ. ನನ್ನ ಮಟ್ಟಿಗೆ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ಇನ್ನೊಂದು ಸಲ ಸಣ್ಣಗೆ 'ಕೀ' ಅನ್ನುವ ಸದ್ದು ಬಂದಾಗ ಎಸ್‌ಎಂಪಿಎಸ್ ವಾಪಸ್ ಕಳಿಸಲು ಹೊರಟಿದ್ದೆ. ಕಾಗದವನ್ನು ಕೊಳವೆಯಂತೆ ಸುತ್ತಿ ಕಿವಿಗೆ ಇಟ್ಟು ಹುಡುಕಿದರೆ ಸದ್ದು ಗ್ರಾಫಿಕ್ಸ್ ಕಾರ್ಡಿನಿಂದ ಬರುತ್ತಿತ್ತು. ಅದರ ಕಾಯಿಲ್‌ಗಳ (ತಂತಿ ಸುರುಳಿಗಳ) ಕಂಪನ. ಫ್ರೇಮ್ ರೇಟ್‌ಗೆ, ಅಂದರೆ ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆಗೆ, 60ರ ಮಿತಿ ಹಾಕಿದ ಮೇಲೆ ನಿಂತುಹೋಯಿತು.

ಕೇಸಿನ ಕೆಳಗೆ ಇದ್ದ ದಪ್ಪ ಕಾರ್ಪೆಟ್ ತೆಗೆದು ಹಲಗೆ ಹಾಕಿದ್ದೇನೆ, ಎಸ್‌ಎಂಪಿಎಸ್ ಫ್ಯಾನ್ ಕೆಳಗಿನಿಂದ ಗಾಳಿ ಎಳೆಯುತ್ತದಲ್ಲ. ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ದೂಳು ಒರೆಸುತ್ತೇನೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚುವುದಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೇ ಅಪಾಯ ತರುವಷ್ಟು ಚಾರ್ಜ್ ಉಳಿದಿರಬಹುದು.

ಈಗ ರೆಕಾರ್ಡಿಂಗಿನಲ್ಲಿ ಉಳಿದಿರುವುದು ಹಾರ್ಡ್ ಡಿಸ್ಕಿನ ಗರಗರ. ಅದನ್ನು ರಬ್ಬರ್ ವಾಷರ್ ಮೇಲೆ ಕೂರಿಸುವ ಕೆಲಸವನ್ನು ಈ ವಾರಕ್ಕೆ ಇಟ್ಟುಕೊಂಡಿದ್ದೇನೆ.