ಲಾವಂಚ ಹಿಡಿದ ದಿಬ್ಬ, ಮತ್ತೆ ಬಾಗಿಲು ತೆರೆದ ನಮ್ಮ ಶೂಟಿಂಗ್ ರೇಂಜ್

ಗುಂಡು ತಡೆಯುವ ದಿಬ್ಬಕ್ಕೆ ಹುಲ್ಲು ನೆಡುತ್ತೇನೆ ಅಂದಾಗ ಕಮಿಟಿಯಲ್ಲಿ ನಗದೇ ಇದ್ದವರು ಒಬ್ಬಿಬ್ಬರು. ಈಗ ಎರಡು ಮಳೆಗಾಲ ಕಳೆದಿದೆ, ದಿಬ್ಬ ಜಗ್ಗಿಲ್ಲ. ನಕ್ಕವರೇ ನೆಂಟರನ್ನು ಕರೆತಂದು ತೋರಿಸುತ್ತಿದ್ದಾರೆ. ಬೇರೆ ಕ್ಲಬ್ಬಿನವರೂ ಫೋನ್ ಮಾಡಿ ಅದದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಮ್ಮದು ಕೊಡಗಿನ ವಿರಾಜಪೇಟೆ ಕಡೆಯ ಹಳೇ ಐವತ್ತು ಮೀಟರ್ ರೇಂಜ್. ಉತ್ತರಕ್ಕೆ ಮುಖ, ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಕಟ್ಟಿಸಿದವರಿಗೆ ಕೆಲಸ ಗೊತ್ತಿತ್ತು. ಹದಿನೈದು ವರ್ಷದ ಮೇಲಾಗಿತ್ತು ಬೀಗ ಬಿದ್ದು. ಶೆಡ್ಡಿನ ಹೆಂಚು ಅರ್ಧ ಉದುರಿತ್ತು, ಲೇನಿನ ತುಂಬ ಲಂಟಾನ, ಕಾಲಿಟ್ಟರೆ ಜಿಗಣೆ. ಅದೆಲ್ಲ ಕತ್ತಿ ಹಿಡಿದರೆ ಮುಗಿಯುವ ಕೆಲಸ. ನಿಜವಾದ ತಲೆನೋವು ಟಾರ್ಗೆಟ್ ಹಿಂದಿನ ಮಣ್ಣಿನ ದಿಬ್ಬ. ಪ್ರತಿ ಆಗಸ್ಟಿನಲ್ಲಿ ಅದರ ಒಂದು ಪಾಲು ಕೆಳಗಿಳಿಯುತ್ತಿತ್ತು. 2018, 2019ರ ಗುಡ್ಡ ಕುಸಿತ ಕಂಡ ಮೇಲೆ ನಮ್ಮ ಜಿಲ್ಲೆಯಲ್ಲಿ ಜೆಸಿಬಿ ಸದ್ದು ಕೇಳಿದರೇ ಜನ ಬೆಚ್ಚುತ್ತಾರೆ, ಅದು ತಪ್ಪೂ ಅಲ್ಲ.

ಕಾಂಕ್ರೀಟ್ ತಡೆಗೋಡೆಗೆ ಎಸ್ಟಿಮೇಟ್ ಹಾಕಿಸಿದೆವು. ಹದಿನಾಲ್ಕು ಲಕ್ಷದ ಆಸುಪಾಸು ಬಂತು. ಕ್ಲಬ್ಬಿನ ಖಾತೆಯಲ್ಲಿ ಇದ್ದದ್ದು ಎರಡು ಲಕ್ಷ ಚಿಲ್ಲರೆ. ಅಷ್ಟು ಸುರಿದು ಗೋಡೆ ಕಟ್ಟಿದರೂ ಅದರ ಮುಂದೆ ಮತ್ತೆ ಮಣ್ಣು ಪೇರಿಸಲೇಬೇಕು, ಇಲ್ಲದಿದ್ದರೆ ಗುಂಡು ಸಿಡಿದು ವಾಪಸ್ ಬರುತ್ತದೆ. ಹಾಗಾಗಿ ದಿಬ್ಬವನ್ನು ಪಕ್ಕಕ್ಕಿಟ್ಟು ಮೊದಲು ದುಡ್ಡು ಬರುವ ದಾರಿ ನೋಡಿದೆ.

ಹಳೇ ಫೈರಿಂಗ್ ಶೆಡ್ ಉದ್ದಕ್ಕೆ ಹದಿನೈದು ಮೀಟರ್ ಇದೆ. ಅದನ್ನೇ ಅಡ್ಡ ತಿರುಗಿಸಿ, ಉದ್ದಕ್ಕೇ ಹೊಡೆಯುವಂತೆ ಹತ್ತು ಮೀಟರ್ ಏರ್ ರೈಫಲ್ ಲೇನ್ ಮಾಡಿದೆವು. ಅಗಲದಲ್ಲಿ ಮೀಟರಿಗೊಂದು ಲೇನಿನಂತೆ ಐದು ಕೂತವು. ಹೊಡೆತದ ಶಕ್ತಿ 20 ಜೂಲ್ ಒಳಗಿನ 4.5 ಮಿ.ಮೀ. ಏರ್ ರೈಫಲ್‌ಗೆ ಲೈಸೆನ್ಸ್ ರಗಳೆ ಇಲ್ಲ. ಚುನಾವಣೆ ಬಂದು ಲೈಸೆನ್ಸ್ ಕೋವಿಗಳೆಲ್ಲ ಠಾಣೆಗೆ ಹೋದರೂ ಈ ಲೇನ್ ನಿಲ್ಲುವುದಿಲ್ಲ. ಹಿರಿಯರು ‘ಇದು ಮಕ್ಕಳ ಆಟಿಕೆ ಮಾರಾಯ’ ಅಂದರು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಸ್ಪರ್ಧೆಯಲ್ಲಿ ತೆಂಗಿನಕಾಯಿ ಒಡೆದು ಹೆಸರು ಮಾಡಿದ ಒಬ್ಬ ಮಾವನ ಕೈಗೆ ರೈಫಲ್ ಕೊಟ್ಟೆ. ಟಾರ್ಗೆಟ್ ಕಾರ್ಡಿನ ನಡುವೆ ಹತ್ತು ಅಂಕ ಕೊಡುವ ಚುಕ್ಕೆ ಅರ್ಧ ಮಿ.ಮೀ. ಅಷ್ಟೇ, ಅಲ್ವಾ? ಒಂದು ಕಾರ್ಡ್ ಮುಗಿಸಿ ಅವರು ಸುಮ್ನೆ ಕನ್ನಡಕ ಒರೆಸಿಕೊಂಡರು. ಮರುವಾರ ಮೊಮ್ಮಗಳನ್ನು ಸೇರಿಸಲು ಬಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ಪದಕಗಳೂ ನಮಗೆ ಸಹಾಯ ಮಾಡಿದವು. ಮನು ಭಾಕರ್ ಹೆಸರು ಹೇಳಿಕೊಂಡು ಬಂದ ಹೆಣ್ಣುಮಕ್ಕಳೇ ಜಾಸ್ತಿ.

ಎಲೆಕ್ಟ್ರಾನಿಕ್ ಟಾರ್ಗೆಟ್ ಲೇನಿಗೆ ಲಕ್ಷದ ಲೆಕ್ಕ. ನಾವು ಹಳೇ ಸೈಕಲ್ ರಿಮ್ಮಿಗೆ ಹಗ್ಗ ಕಟ್ಟಿ ಕಾರ್ಡ್ ಎಳೆದುಕೊಳ್ಳುತ್ತೇವೆ, ಲೇನಿಗೆ ಎರಡು ಸಾವಿರದೊಳಗೆ ಆಯಿತು. ನೈಲಾನ್ ಹಗ್ಗ ಮಳೆಗಾಲದಲ್ಲಿ ಜೋಲುತ್ತದೆ, ಕಾರ್ಡ್ ಅಲ್ಲಾಡುತ್ತದೆ. ಅದಕ್ಕೊಂದು ಉಪಾಯ ಮಾಡಿದ್ದೇನೆ, ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ. ಪೆಲೆಟ್, ಅಂದರೆ ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು, ಹಿಡಿಯಲು ಓರೆ ತಗಡು, ಅದರ ಮುಂದೆ ಕಾಫಿ ಗೋಣಿಯ ತಾಟು. ಸದ್ದೂ ತಗ್ಗಿತು. ಬೆಳಕಿಗೆ ಮಾತ್ರ ಜಿಪುಣತನ ಮಾಡಬೇಡಿ. ಕಾರ್ಡಿನ ಮೇಲೆ 1500 ಲಕ್ಸ್ (ಬೆಳಕಿನ ಅಳತೆ) ಬೇಕು. ಮೊಬೈಲ್ ಆಪ್ ತೋರಿಸುವುದನ್ನು ನಂಬಬೇಡಿ, ಲಕ್ಸ್ ಮೀಟರ್ ಎರವಲು ತನ್ನಿ. ಹಿಂದಿನ ಗೋಡೆಗೆ ಪೇಂಟಿನವನು ಎನಾಮೆಲ್ ಬಳಿದುಬಿಟ್ಟಿದ್ದ, ಕಣ್ಣು ಕೋರೈಸಿತು. ಅದನ್ನು ಕೆರೆಸಿ ಡಿಸ್ಟೆಂಪರ್ ಹೊಡೆಸಲು ಮತ್ತೆ ನಾಲ್ಕೈದು ಸಾವಿರ.

ಇನ್ನೊಂದು ವಿಷಯ ಬಯಲುಸೀಮೆಯವರಿಗೆ ಹೊಳೆಯಲಾರದು. ಹೆಂಚು ತೆಗೆದು ಶೀಟ್ ಹಾಕಿದ ಮೇಲೆ ಜುಲೈ ಮಳೆ ಬಿದ್ದರೆ ‘ಸ್ಟಾಪ್’ ಅಂತ ಕಿರುಚಿದರೂ ಪಕ್ಕದವನಿಗೆ ಕೇಳುವುದಿಲ್ಲ. ಹಾಗಾಗಿ ಪ್ರತಿ ಲೇನಿನ ಎದುರು ಕೆಂಪು, ಹಸಿರು ಬಲ್ಬ್. ಕೆಂಪು ಹತ್ತಿದರೆ ರೈಫಲ್ ಕೆಳಗೆ. ಕರೆಂಟ್ ಹೋದರೂ ಅದೇ ಅರ್ಥ.

ತಿಂಗಳಿಗೆ ತಲಾ ಸಾವಿರದೈನೂರು ಫೀಸ್. ವರ್ಷ ತುಂಬುವಾಗ ಕೈಯಲ್ಲಿ ಮೂರು ಲಕ್ಷದಷ್ಟು ಉಳಿಯಿತು. ಆಮೇಲೆ ದಿಬ್ಬದ ಕೆಲಸಕ್ಕೆ ಇಳಿದೆವು.

ಮೊದಲ ಮಳೆಗಾಲಕ್ಕೆ ಟಾರ್ಪಾಲು ಹೊದಿಸಿದ್ದೆವು. ಗಾಳಿಗೆ ಚಿಂದಿಯಾಯಿತು. ಆಮೇಲೆ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಬುಡಕ್ಕೆ ಗೋಡೆ ಪೇರಿಸಿದೆವು. ಚೀಲಗಳ ಹಿಂದೆ ನೀರು ನಿಂತು ಇಡೀ ಸಾಲು ಹೊಟ್ಟೆ ಉಬ್ಬಿಸಿಕೊಂಡು ಮಲಗಿತು. ಅರವತ್ತು ಸಾವಿರ ಮಣ್ಣುಪಾಲು. ಆದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಆಗ ಗೊತ್ತಾಯಿತು. ಹಿಂದಿನ ಗುಡ್ಡದ ನೀರೆಲ್ಲ ದಿಬ್ಬದೊಳಗೆ ಇಂಗುತ್ತಿತ್ತು. ಮೊದಲು ಮೇಲ್ಗಡೆ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿದೆವು. ಜೂನಿನ ಮೊದಲ ಮಳೆ ಬಿದ್ದ ಕೂಡಲೇ ಲಾವಂಚ. ಇಳಿಜಾರಿಗೆ ಅಡ್ಡ ಸಾಲು, ಬುಡದಿಂದ ಬುಡಕ್ಕೆ ಗೇಣಿಗಿಂತ ಕಮ್ಮಿ, ಸಾಲಿಂದ ಸಾಲಿಗೆ ಒಂದು ಮೀಟರ್. ಸಸಿಗೆ ಎರಡೋ ಮೂರೋ ರೂಪಾಯಿ, ಒಟ್ಟು ಕೂಲಿ ಸೇರಿ ಐವತ್ತು ಸಾವಿರ ದಾಟಲಿಲ್ಲ. ಬೇರು ಆಳಕ್ಕೆ ನೇರ ಇಳಿಯುವ ಹುಲ್ಲು ಇದು, ಅಕ್ಕಪಕ್ಕ ಹಬ್ಬುವುದಿಲ್ಲ. ‘ಬೇರು ಕಿತ್ತು ಮಾರಿದರೆ ಒಳ್ಳೇ ರೇಟು’ ಅಂದ ಮೆಂಬರ್ ಒಬ್ಬರಿಗೆ ಕೈ ಮುಗಿದೆ.

ಗುಂಡು ಬೀಳುವ ಜಾಗದಲ್ಲಿ ಹುಲ್ಲು ಬೇಡ. ಅಲ್ಲಿ ಜರಡಿ ಹಿಡಿದ ಮಣ್ಣು, ಮರಳು ಮಾತ್ರ. ಅಡಿಕೆ ಗಾತ್ರದ ಕಲ್ಲು ಸಿಕ್ಕರೂ ಎತ್ತಿ ಬಿಸಾಡಬೇಕು. ಹಳೇ ಲಾರಿ ಟಯರಿಗೆ ಮಣ್ಣು ತುಂಬಿ ಜೋಡಿಸಿ ಅಂತ ಸಲಹೆ ಬಂತು. ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿದೆವು. ಪಾಯಿಂಟ್ ಟೂ ಟೂ ರೈಫಲ್ಲಿನ ಸಣ್ಣ ಗುಂಡೊಂದು ರಬ್ಬರಿಗೆ ಬಡಿದು ಅರ್ಧ ದಾರಿ ವಾಪಸ್ ಬಂದು ಬಿತ್ತು. ಟಯರುಗಳು ಅದೇ ದಿನ ಗುಜರಿಗೆ ಹೋದವು.

ಸೀಸದ ಬಗ್ಗೆ ಹೇಳಲೇಬೇಕು. ಒಣ ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳು ಸೋಪಿನಲ್ಲಿ ಕೈ ತೊಳೆಯದೆ ಬಿಸ್ಕತ್ತು ಮುಟ್ಟುವಂತಿಲ್ಲ. ತಟ್ಟೆಯಲ್ಲಿ ಬಿದ್ದ ಪೆಲೆಟ್ಟನ್ನು ಗುಜರಿಯವನು ಕೆಜಿಗೆ ನೂರರ ಮೇಲೆ ಕೊಟ್ಟು ಒಯ್ಯುತ್ತಾನೆ. ಬೀಸುಬಲೆಗೆ ಗುಂಡು ಮಾಡಿಕೊಳ್ಳುತ್ತೇನೆ ಅಂತ ಕೇಳಿದವರಿಗೆ ಕೊಡಲಿಲ್ಲ. ಮನೆಯೊಳಗೆ ಸೀಸ ಕಾಯಿಸುವುದು ಬೇಡ.

ಐವತ್ತು ಮೀಟರ್ ರೇಂಜಿಗೆ ಪೊಲೀಸ್ ಮತ್ತು ಡಿಸಿ ಕಚೇರಿಯ ಕಾಗದ ಕೈಗೆ ಬರಲು ದಿಬ್ಬ ಕಟ್ಟಿದ್ದಕ್ಕಿಂತ ಜಾಸ್ತಿ ಸಮಯ ಹಿಡಿಯಿತು. ಫೋಟೋ, ನಕ್ಷೆ, ಅಕ್ಕಪಕ್ಕದ ತೋಟದವರ ಒಪ್ಪಿಗೆ ಮೊದಲೇ ಫೈಲಿನಲ್ಲಿಟ್ಟುಕೊಳ್ಳಿ. ಈಗ ಶನಿವಾರ ಎನ್‌ಸಿಸಿ ಮಕ್ಕಳು, ಭಾನುವಾರ ಮಾಜಿ ಸೈನಿಕರು, ಉಳಿದ ದಿನ ಯುವಕ ಸಂಘಗಳು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಬರಬೇಡಿ, ಮಂಜಿನಲ್ಲಿ ಟಾರ್ಗೆಟ್ ಕಾಣುವುದಿಲ್ಲ. ಈಗ ಪಿಸ್ತೂಲಿನವರು ಇಪ್ಪತ್ತೈದು ಮೀಟರ್ ರೇಂಜ್ ಬೇಕು ಅಂತ ಹಟ ಹಿಡಿದಿದ್ದಾರೆ. ಮೊದಲು ಬಾಕಿ ಫೀಸ್ ಕಟ್ಟಿ, ಆಮೇಲೆ ಮಾತಾಡೋಣ ಅಂದಿದ್ದೇನೆ.