ಫೈನಾನ್ಸ್ ಪೇಪರ್ ಓದುವುದು ಹೇಗೆ? ನೋಟ್ಸ್ ಪಕ್ಕದಲ್ಲಿ ಒಂದು ಬ್ಯಾಂಕಿನ ವಾರ್ಷಿಕ ವರದಿ ಇಟ್ಟುಕೊಳ್ಳಿ

ಬಿ.ಕಾಂ., ಬಿಬಿಎ ಓದುವವರಿಗೆ ಬ್ಯಾಂಕಿಂಗ್, ಹಣಕಾಸು ಸಂಸ್ಥೆಗಳು ಅಂತ ಪೇಪರ್ ಬಂದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆರ್‌ಬಿಐ ಕಾರ್ಯಗಳು, ವಾಣಿಜ್ಯ ಬ್ಯಾಂಕ್‌ಗಳ ಕಾರ್ಯಗಳು ಅಂತ ಪಾಯಿಂಟ್ಸ್ ಉರು ಹೊಡೆಯುವುದು. ಅಂಕವೇನೋ ಬರುತ್ತದೆ. ಆದರೆ ಇಂಟರ್‌ವ್ಯೂನಲ್ಲಿ ‘ಬ್ಯಾಂಕ್ ದುಡ್ಡು ಮಾಡುವುದು ಹೇಗೆ?’ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಸೆಮಿಸ್ಟರ್ ಶುರುವಿನಲ್ಲೇ ಒಂದು ಬ್ಯಾಂಕ್ ಆರಿಸಿಕೊಂಡು, ಅದರ ವಾರ್ಷಿಕ ವರದಿಯನ್ನು ಪಾಠದ ಜೊತೆಜೊತೆಗೇ ಓದಿ ನೋಡಿ.

ಬ್ಯಾಂಕ್ ಆರಿಸುವುದು

ಷೇರುಪೇಟೆಯಲ್ಲಿರುವ ಬ್ಯಾಂಕ್ ಆದರೆ ವರದಿ ಅದರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ನಮ್ಮ ಕಡೆಯವರಿಗೆ ಕೆನರಾ ಬ್ಯಾಂಕ್ ಇಲ್ಲವೇ ಕರ್ಣಾಟಕ ಬ್ಯಾಂಕ್ ಅನುಕೂಲ. ಎರಡೂ ಮಂಗಳೂರಿನಲ್ಲಿ ಹುಟ್ಟಿದವು, ಒಂದು 1906ರಲ್ಲಿ, ಇನ್ನೊಂದು 1924ರಲ್ಲಿ. 1969ರಲ್ಲಿ ಕೆನರಾ ರಾಷ್ಟ್ರೀಕರಣವಾಯಿತು, ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು. ಒಂದು ಎಚ್ಚರಿಕೆ: ಕೆನರಾ ತೆಗೆದುಕೊಂಡರೆ 2020ರ ಮಾರ್ಚ್ ಲೆಕ್ಕವನ್ನು 2021ರ ಲೆಕ್ಕದ ಜೊತೆ ನೇರವಾಗಿ ಹೋಲಿಸಬೇಡಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಅದರೊಳಗೆ ವಿಲೀನವಾಯಿತು. ಠೇವಣಿ ಒಮ್ಮೆಲೇ ಅಷ್ಟು ಏರಿದ್ದಕ್ಕೆ ಮುಖ್ಯ ಕಾರಣ ಅದೇ.

ಓದುವುದು ಎಲ್ಲಿಂದ?

ವರದಿ ನೂರಾರು ಪುಟ ಇರುತ್ತದೆ, ಹೆದರಬೇಡಿ. ಬಣ್ಣದ ಫೋಟೊಗಳು, ಅಧ್ಯಕ್ಷರ ಪತ್ರ ಸದ್ಯಕ್ಕೆ ಬೇಡ. ನೇರವಾಗಿ ಬ್ಯಾಲೆನ್ಸ್ ಶೀಟಿಗೆ ಹೋಗಿ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಇದಕ್ಕೊಂದು ನಮೂನೆ ಕೊಟ್ಟಿದೆ. ಯಾವ ವಾಣಿಜ್ಯ ಬ್ಯಾಂಕ್ ತೆಗೆದರೂ ಶೆಡ್ಯೂಲ್ (ವಿವರಪಟ್ಟಿ) 3ರಲ್ಲಿ ಠೇವಣಿ, 8ರಲ್ಲಿ ಹೂಡಿಕೆ, 9ರಲ್ಲಿ ಕೊಟ್ಟ ಸಾಲ, 13ರಲ್ಲಿ ಬಂದ ಬಡ್ಡಿ, 15ರಲ್ಲಿ ಕೊಟ್ಟ ಬಡ್ಡಿ. 13ರಿಂದ 15ನ್ನು ಕಳೆಯಿರಿ. ಸಿಕ್ಕಿದ್ದೇ ನಿವ್ವಳ ಬಡ್ಡಿ ಆದಾಯ. ಬ್ಯಾಂಕಿನ ಹೊಟ್ಟೆಪಾಡು ಬಹುಪಾಲು ನಡೆಯುವುದು ಅದರಿಂದಲೇ.

ಠೇವಣಿ ಯಾಕೆ ಹೊಣೆಯ ಕಡೆ ಇದೆ ಅಂತ ಮೊದಲ ಸಲ ನೋಡುವವರಿಗೆ ಗೊಂದಲ ಆಗುತ್ತದೆ. ನಿಮ್ಮ ಎಫ್‌ಡಿ ನಿಮಗೆ ಆಸ್ತಿ. ಬ್ಯಾಂಕಿಗೆ ಅದು ವಾಪಸ್ ಕೊಡಬೇಕಾದ ಸಾಲ, ಅಲ್ವಾ? ಇನ್ನು ಶೆಡ್ಯೂಲ್ 3ರಲ್ಲಿ ಬೇಡಿಕೆ ಠೇವಣಿ (ಮುಖ್ಯವಾಗಿ ಕರೆಂಟ್ ಖಾತೆ), ಉಳಿತಾಯ ಖಾತೆ, ಅವಧಿ ಠೇವಣಿ ಬೇರೆಬೇರೆ ಇರುತ್ತವೆ. ಮೊದಲ ಎರಡನ್ನು ಕೂಡಿಸಿ ಒಟ್ಟು ಠೇವಣಿಯಿಂದ ಭಾಗಿಸಿದರೆ ಪತ್ರಿಕೆಗಳಲ್ಲಿ ಬರುವ ‘ಕಾಸಾ’ ಅನುಪಾತ ಸಿಗುತ್ತದೆ. ಕರೆಂಟ್ ಖಾತೆಗೆ ಬಡ್ಡಿ ಇಲ್ಲ, ಉಳಿತಾಯ ಖಾತೆಗೆ ಕಡಿಮೆ. ಆದ್ದರಿಂದ ಇದು ಜಾಸ್ತಿ ಇದ್ದಷ್ಟೂ ಬ್ಯಾಂಕಿಗೆ ಹಣ ಅಗ್ಗ.

ನೂರು ರೂಪಾಯಿ ಲೆಕ್ಕ

ಸಿಆರ್‌ಆರ್ (ಠೇವಣಿಯಲ್ಲಿ ಆರ್‌ಬಿಐ ಬಳಿ ಇಡಲೇಬೇಕಾದ ಪಾಲು), ಎಸ್‌ಎಲ್‌ಆರ್ (ಸರ್ಕಾರಿ ಸಾಲಪತ್ರದಂಥವುಗಳಲ್ಲಿ ಇಡಲೇಬೇಕಾದ ಪಾಲು) ವ್ಯಾಖ್ಯೆ ಬರೆಯುವವರು ತುಂಬಾ ಜನ, ಲೆಕ್ಕ ಹಾಕಿ ನೋಡಿದವರು ಕಡಿಮೆ. 100 ರೂಪಾಯಿ ಠೇವಣಿ ಬಂತು ಅಂದುಕೊಳ್ಳಿ. 2025ರ ನವೆಂಬರ್ ಕೊನೆಗೆ ಸಿಆರ್‌ಆರ್ ಶೇ 3ಕ್ಕೆ ಇಳಿದಿತ್ತು. ಅಂದರೆ 3 ರೂಪಾಯಿ ಆರ್‌ಬಿಐ ಬಳಿ, ಅದಕ್ಕೆ ಬಡ್ಡಿ ಇಲ್ಲ. ಎಸ್‌ಎಲ್‌ಆರ್ ಶೇ 18. ಅದು ಹೆಚ್ಚಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇರುತ್ತದೆ, ಬಡ್ಡಿ ಬರುತ್ತದೆ. ಸಾಲ ಕೊಡಲು ಉಳಿದದ್ದು 79. ಈಗ ಶೆಡ್ಯೂಲ್ 6 (ನಗದು, ಆರ್‌ಬಿಐ ಬಳಿ ಇಟ್ಟ ಹಣ) ಮತ್ತು 8 ತೆಗೆದರೆ ಅದೇ ದುಡ್ಡು ಕೋಟಿಗಳಲ್ಲಿ ಕೂತಿರುವುದು ಕಾಣುತ್ತದೆ.

ಎನ್‌ಪಿಎ: ಇಲ್ಲಿ ನಿಧಾನ ಮಾಡಿ

ಬಡ್ಡಿಯೋ ಕಂತೋ 90 ದಿನ ದಾಟಿಯೂ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಇಷ್ಟು ಎಲ್ಲರಿಗೂ ಗೊತ್ತು. (ಕೃಷಿ ಸಾಲಕ್ಕೆ ಬೆಳೆ ಹಂಗಾಮಿನ ಲೆಕ್ಕ, ಅದು ಬೇರೆ.) 2018ರ ಮಾರ್ಚ್‌ನಲ್ಲಿ ದೇಶದ ಬ್ಯಾಂಕ್‌ಗಳ ಒಟ್ಟು ಎನ್‌ಪಿಎ ಕೊಟ್ಟ ಸಾಲದ ಶೇ 11 ದಾಟಿತ್ತು, ಆಮೇಲೆ ಬಹಳ ಇಳಿಯಿತು. ಇಳಿದದ್ದು ಹೇಗೆ? ಉತ್ತರ ಹುಡುಕಬೇಕಾದ್ದು ಶೆಡ್ಯೂಲ್ 18ರಲ್ಲಿ, ಲೆಕ್ಕಗಳ ಟಿಪ್ಪಣಿಗಳಲ್ಲಿ. ಅಲ್ಲಿ ಎನ್‌ಪಿಎ ಏರಿಳಿತದ ಕೋಷ್ಟಕ ಇರುತ್ತದೆ.

ಸುಮ್ನೆ ಒಂದು ಉದಾಹರಣೆ. ವರ್ಷದ ಶುರುವಿಗೆ 100 ಕೋಟಿ, ಹೊಸದಾಗಿ ಸೇರಿದ್ದು 40, ವಸೂಲಾದದ್ದು 25, ರೈಟ್ ಆಫ್ ಮಾಡಿದ್ದು (ಲೆಕ್ಕದ ಪುಸ್ತಕದಿಂದ ತೆಗೆದದ್ದು) 35. ಕೊನೆಗೆ ಉಳಿದದ್ದು 80. ‘ಎನ್‌ಪಿಎ ಶೇ 20 ಇಳಿಕೆ’ ಅಂತ ಹೆಡ್‌ಲೈನ್ ಬರುತ್ತದೆ. ರೈಟ್ ಆಫ್ ಇಲ್ಲದಿದ್ದರೆ ಅದೇ 115 ಆಗುತ್ತಿತ್ತು! ರೈಟ್ ಆಫ್ ಅಂದರೆ ಸಾಲ ಮನ್ನಾ ಅಲ್ಲ ಅನ್ನುವುದೂ ನೆನಪಿರಲಿ. ಸಾಲಗಾರನ ಹೊಣೆ ಹಾಗೇ ಇರುತ್ತದೆ, ಬ್ಯಾಂಕ್ ವಸೂಲಿ ಮುಂದುವರಿಸಬಹುದು. ಇಡೀ ಪೇಪರಿನಲ್ಲಿ ಒಂದೇ ಕೋಷ್ಟಕ ಓದಲು ಸಮಯ ಇದ್ದರೆ ನಾನು ಹೇಳುವುದು ಇದನ್ನೇ.

ಬ್ಯಾಂಕಿನ ಆಚೆ

ಪುಸ್ತಕದಲ್ಲಿ ನಬಾರ್ಡ್ (ಕೃಷಿ, ಗ್ರಾಮೀಣಾಭಿವೃದ್ಧಿಗೆ), ಸಿಡ್ಬಿ (ಸಣ್ಣ ಉದ್ಯಮಗಳಿಗೆ), ಕೆಎಸ್‌ಎಫ್‌ಸಿ (ರಾಜ್ಯ ಹಣಕಾಸು ಸಂಸ್ಥೆ) ಅಂತ ಒಂದೊಂದೇ ಅಧ್ಯಾಯ ಬರುತ್ತದೆ. ಸ್ಥಾಪನೆಯ ವರ್ಷ ಕಲಿತರೆ ಪರೀಕ್ಷೆಗೆ ಸಾಕು. ಅದಕ್ಕಿಂತ ನಿಮ್ಮ ಊರಿನ ಸಹಕಾರಿ ಸೊಸೈಟಿಗೆ ಹೋಗಿ ಬನ್ನಿ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾದ ನಾಡು ನಮ್ಮದು. ಹೋದಾಗ ಎರಡು ಪ್ರಶ್ನೆ ಕೇಳಿ: ನಿಮ್ಮ ಮೇಲೆ ಯಾರ ಉಸ್ತುವಾರಿ? ಠೇವಣಿಗೆ ವಿಮೆ ಇದೆಯಾ? ಬ್ಯಾಂಕ್‌ನಲ್ಲಿಟ್ಟ ಠೇವಣಿಗೆ ಅಸಲು, ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರುವರಿಯಿಂದ. ಪ್ರಾಥಮಿಕ ಸಹಕಾರ ಸಂಘಕ್ಕೂ ಎನ್‌ಬಿಎಫ್‌ಸಿಗೂ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಈ ವಿಮೆ ಇಲ್ಲ. ಸಹಕಾರಿ ಬ್ಯಾಂಕಿಗೆ ಇದೆ. ಮನೆಯಲ್ಲಿ ಯಾರಾದರೂ ‘ಅಲ್ಲಿ ಬಡ್ಡಿ ಜಾಸ್ತಿ ಕೊಡ್ತಾರಂತೆ’ ಅಂದಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ.

ಒಂದು ವರದಿ ಮುಗಿದ ಮೇಲೆ ಒಂದು ಸ್ಮಾಲ್ ಫೈನಾನ್ಸ್ ಬ್ಯಾಂಕಿನದು (ಹೆಚ್ಚಾಗಿ ಸಣ್ಣ ಸಾಲ ಕೊಡುವ ಬ್ಯಾಂಕ್) ತೆಗೆಯಿರಿ. ಉಜ್ಜೀವನ್, ಜನ ಎರಡರ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಸಾಮಾನ್ಯ ವಾಣಿಜ್ಯ ಬ್ಯಾಂಕಿಗೆ ಆರ್‌ಬಿಐ ಕೇಳುವ ಕನಿಷ್ಠ ಬಂಡವಾಳ ಅನುಪಾತ (ಸಾಲಗಳ ಅಪಾಯಕ್ಕೆ ತಕ್ಕಂತೆ ಇರಬೇಕಾದ ಸ್ವಂತ ಬಂಡವಾಳ) ಶೇ 9, ಇವುಗಳಿಗೆ ಶೇ 15. ಯಾಕೆ ಅಂತ ಎರಡೂ ಬ್ಯಾಂಕಿನ ಶೆಡ್ಯೂಲ್ 9 ಅಕ್ಕಪಕ್ಕ ಇಟ್ಟು ನೋಡಿ. ಅದರಲ್ಲಿ ಅಡಮಾನ ಇಲ್ಲದ ಸಾಲ ಎಷ್ಟು ಅನ್ನುವ ಸಾಲನ್ನು ಮೊದಲು ಓದಿ.